ಪೇಪರ್ ಟ್ರೇಡಿಂಗ್ ಲಾಭವನ್ನು ಎಷ್ಟು ನಂಬಬಹುದು? ನಿಜವಾದ ಡೇ ಟ್ರೇಡಿಂಗ್ ಜೊತೆ ಹೋಲಿಸಿ ನೋಡಲು ಸಮಗ್ರ ಮಾರ್ಗದರ್ಶಿ

ಪೇಪರ್ ಟ್ರೇಡಿಂಗ್‌ನಲ್ಲಿ (ಸಿಮ್ಯುಲೇಟರ್ ಆ್ಯಪ್‌ನಲ್ಲಿ ಸುಳ್ಳು ದುಡ್ಡಿನಿಂದ ಮಾಡುವ ಅಭ್ಯಾಸ) ಲಾಭ, ನಿಜವಾದ ಅಕೌಂಟಿನಲ್ಲಿ ನಷ್ಟ. ಡೇ ಟ್ರೇಡಿಂಗ್‌ಗೆ, ಅಂದರೆ ಕೊಂಡದ್ದನ್ನು ಅದೇ ದಿನ ಮಾರುವ ಇಂಟ್ರಾಡೇ ವ್ಯವಹಾರಕ್ಕೆ, ಇಳಿದವರಲ್ಲಿ ಈ ಗೋಳು ತೀರಾ ಮಾಮೂಲಿ. ಕಾರಣ ಏನು ಅಂತ ಕೇಳಿದರೆ ಸಿಗುವ ಉತ್ತರವೂ ಒಂದೇ: "ಎಲ್ಲಾ ಸೈಕಾಲಜಿ ಸರ್." ನಾನು ಇದನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಭಯ, ಆಸೆ ಎಲ್ಲಾ ಇರುತ್ತವೆ, ಸುಳ್ಳಲ್ಲ. ಆದರೆ ಅವು ಆಟಕ್ಕೆ ಬರುವ ಮುಂಚೆಯೇ ಬರೀ ಲೆಕ್ಕದಲ್ಲಿ ಲಾಭ ಕರಗಿ ಹೋಗಿರುತ್ತದೆ. ಆರ್ಡರ್ ಯಾವ ಬೆಲೆಗೆ ಫಿಲ್ ಆಯಿತು (ನಿಜಕ್ಕೂ ಪೂರೈಸಿತು), ಖರ್ಚು ಎಷ್ಟು, ಫಿಲ್ ಆಗದೇ ಹೋದ ಆರ್ಡರ್ ಯಾವುದು, ಇವನ್ನು ಸಿಮ್ಯುಲೇಟರ್ ತೋರಿಸುವುದಿಲ್ಲ. ಒಳ್ಳೆಯ ಸುದ್ದಿ ಏನೆಂದರೆ ಇದನ್ನೆಲ್ಲ ಅಳೆಯಬಹುದು. ಮನಸ್ಸನ್ನು ಅಳೆಯುವುದಕ್ಕಿಂತ ಸುಲಭವಾಗಿ ಅಳೆಯಬಹುದು.

ಮೊದಲೇ ನನ್ನ ನಿಲುವು ಹೇಳಿಬಿಡುತ್ತೇನೆ. ಪೇಪರ್‌ನಲ್ಲಿ ಸೋತ ಪದ್ಧತಿಯನ್ನು ಕೈಬಿಡಿ, ಅದು ಲೈವ್‌ನಲ್ಲಿ (ನಿಜವಾದ ದುಡ್ಡಿನಲ್ಲಿ) ಗೆಲ್ಲುವ ಸಾಧ್ಯತೆ ತೀರಾ ಕಡಿಮೆ. ಪೇಪರ್‌ನಲ್ಲಿ ಗೆದ್ದರೆ ಮಾತ್ರ ಅದರಿಂದ ಏನೂ ಸಾಬೀತಾಗಿಲ್ಲ ಅಂತ ತಿಳಿಯಿರಿ. ಅಂದರೆ ಬೇಡವಾದದ್ದನ್ನು ಸೋಸಿ ತೆಗೆಯಲು ಅದು ಒಳ್ಳೆಯದು, ಹಸಿರು ನಿಶಾನೆ ಕೊಡಲು ಅಲ್ಲ.

ಇಲ್ಲಿ ಮುಖ್ಯವಾಗಿ ಎನ್‌ಎಸ್‌ಇ (ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ) ಷೇರುಗಳ ಇಂಟ್ರಾಡೇ ಬಗ್ಗೆ ಬರೆದಿದ್ದೇನೆ, ಆಪ್ಷನ್ (ನಿಗದಿತ ಬೆಲೆಗೆ ಕೊಳ್ಳುವ ಅಥವಾ ಮಾರುವ ಹಕ್ಕಿನ ಒಪ್ಪಂದ) ವಿಷಯ ಬೇಕಾದ ಕಡೆ ಮಾತ್ರ ಬರುತ್ತದೆ. ಎಲ್ಲಾ ಹಂತಗಳಿಗೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. 500 ರೂಪಾಯಿಯ ಆಸುಪಾಸಿನ ಒಂದು ಷೇರು. ಬೆಳಗ್ಗೆ 9:15ರಿಂದ 9:30ರವರೆಗಿನ ಗರಿಷ್ಠ ಬೆಲೆ ದಾಟಿದರೆ 200 ಷೇರು ಖರೀದಿ. ಸ್ಟಾಪ್‌ಲಾಸ್ (ನಷ್ಟ ಒಪ್ಪಿ ಹೊರಬರುವ ಬೆಲೆ) 2 ರೂಪಾಯಿ ಕೆಳಗೆ, ಟಾರ್ಗೆಟ್ (ಲಾಭ ತೆಗೆದು ಹೊರಬರುವ ಬೆಲೆ) 3 ರೂಪಾಯಿ ಮೇಲೆ. ಅಂದರೆ ಸೋತರೆ 400 ಹೋಗುತ್ತದೆ, ಗೆದ್ದರೆ 600 ಬರುತ್ತದೆ. ಸಿಮ್ಯುಲೇಟರ್‌ನಲ್ಲಿ 100 ಟ್ರೇಡ್‌ಗೆ 45 ಗೆಲುವು ಅಂತ ಬಂದಿದೆ ಅಂದುಕೊಳ್ಳಿ. 27,000 ಬಂತು, 22,000 ಹೋಯಿತು, ಉಳಿದದ್ದು 5,000. ಟ್ರೇಡ್‌ಗೆ 50 ರೂಪಾಯಿ ಲಾಭ. ನೋಡಲು ಚೆನ್ನಾಗಿದೆ, ಅಲ್ವಾ? ಈ 50 ರೂಪಾಯಿಯ ಗತಿ ಏನಾಗುತ್ತದೆ ನೋಡೋಣ.

ಹಂತ 1: ಸಿಮ್ಯುಲೇಟರ್ ಸರಿಯಾಗಿ ಹೊಂದಿಸಿ

ಟ್ರೇಡಿಂಗ್‌ವ್ಯೂ ಪೇಪರ್ ಟ್ರೇಡಿಂಗ್ ತೆರೆದ ಕೂಡಲೇ 1 ಲಕ್ಷ ಡಾಲರ್ ವರ್ಚುವಲ್ ದುಡ್ಡು ಕೊಟ್ಟುಬಿಡುತ್ತದೆ. ಬೇರೆ ಆ್ಯಪ್‌ಗಳೂ ಹೀಗೇ ಧಾರಾಳಿಗಳು. ನಿಮ್ಮ ಹತ್ತಿರ ನಿಜಕ್ಕೂ ಇರುವುದು 20,000 ರೂಪಾಯಿ ಆದರೆ ಅಲ್ಲಿಯೂ 20,000ವೇ ಇರಲಿ. ದೊಡ್ಡ ಮೊತ್ತ ಇದ್ದರೆ ಸತತ ಹತ್ತು ಸೋಲು ಬಂದರೂ ಅಕೌಂಟ್ ಅಲುಗಾಡುವುದಿಲ್ಲ, ನಿಮಗೆ ಏನೂ ಗೊತ್ತಾಗುವುದೂ ಇಲ್ಲ.

ಇನ್ನೊಂದು, ಡೇಟಾ. ಕೆಲವು ಉಚಿತ ಫೀಡ್‌ಗಳು ಹಲವು ನಿಮಿಷ ತಡವಾಗಿ ಬರುತ್ತವೆ. ಬ್ರೋಕರ್ ಆ್ಯಪ್ ಪಕ್ಕದಲ್ಲಿ ತೆರೆದಿಟ್ಟು ಎರಡರಲ್ಲೂ ಒಂದೇ ಬೆಲೆ ಒಂದೇ ಹೊತ್ತಿಗೆ ಬರುತ್ತಿದೆಯಾ ನೋಡಿ. ಬರದಿದ್ದರೆ ಆ ಫಲಿತಾಂಶವನ್ನು ನೋಡುವ ಅಗತ್ಯವೇ ಇಲ್ಲ.

ಪ್ಲಾಟ್‌ಫಾರ್ಮ್ ಆರಿಸುವಾಗ ಹುಷಾರು. ವರ್ಚುವಲ್ ಟ್ರೇಡಿಂಗ್, ಪೇಪರ್ ಟ್ರೇಡಿಂಗ್, ಫ್ಯಾಂಟಸಿ ಗೇಮ್ ಹೆಸರಿನಲ್ಲಿ ನಡೆಯುವ ಅನಧಿಕೃತ ಜಾಲತಾಣಗಳ ಬಗ್ಗೆ ಷೇರು ಮಾರುಕಟ್ಟೆ ನಿಯಂತ್ರಕ ಸೆಬಿ 2024ರ ನವೆಂಬರ್‌ನಲ್ಲಿ ಎಚ್ಚರಿಕೆ ಕೊಟ್ಟಿದೆ. "ವರ್ಚುವಲ್ ಟ್ರೇಡ್ ಮಾಡಿ, ಗೆದ್ದರೆ ನಿಜವಾದ ದುಡ್ಡು" ಅಂತ ಪ್ರವೇಶ ಶುಲ್ಕ ಕೇಳಿದರೆ ಹತ್ತಿರ ಹೋಗಬೇಡಿ. ಅಲ್ಲಿ ಮೋಸವಾದರೆ ಎಕ್ಸ್‌ಚೇಂಜ್ ಆಗಲಿ ಸೆಬಿಯ ದೂರು ವ್ಯವಸ್ಥೆ ಆಗಲಿ ಕೈ ಹಿಡಿಯುವುದಿಲ್ಲ.

ಹಂತ 2: ನಿಯಮಗಳನ್ನು ಬರೆದಿಡಿ

ಟ್ರೇಡ್ ಶುರು ಮಾಡುವ ಮುಂಚೆ ಕಾಗದದ ಮೇಲೆ ಬರೆಯಿರಿ. ಯಾವ ಷೇರು, ಎಷ್ಟು ಹೊತ್ತಿಗೆ, ಯಾವ ಬೆಲೆಗೆ ಒಳಗೆ, ಯಾವಾಗ ಹೊರಗೆ, ದಿನಕ್ಕೆ ಗರಿಷ್ಠ ಎಷ್ಟು ಟ್ರೇಡ್. ಬರೆಯದೇ ಇದ್ದರೆ ಸೋತ ಟ್ರೇಡನ್ನು "ಇದು ನನ್ನ ಸೆಟಪ್ ಆಗಿರಲಿಲ್ಲ" ಅಂತ ಲೆಕ್ಕದಿಂದ ಬಿಡುವ ಚಟ ಎಲ್ಲರಿಗೂ ಬರುತ್ತದೆ. ಪೇಪರ್ ಅಕೌಂಟಿನಲ್ಲಿ ರೀಸೆಟ್ ಬಟನ್ ಬೇರೆ ಇರುತ್ತದೆ. ಅದನ್ನು ಮುಟ್ಟಬೇಡಿ.

ಹಂತ 3: ಫಿಲ್ ಬೆಲೆಯನ್ನು ನೀವೇ ಕೆಟ್ಟದಾಗಿ ಬರೆದುಕೊಳ್ಳಿ

ಇಲ್ಲೇ ಅಸಲಿ ವಿಷಯ ಇರುವುದು, ಸ್ವಲ್ಪ ನಿಧಾನವಾಗಿ ಓದಿ.

ಸ್ಕ್ರೀನ್ ಮೇಲೆ ದೊಡ್ಡದಾಗಿ ಕಾಣುವ ಬೆಲೆ ಆಗಲೇ ಆಗಿಹೋದ ಕೊನೆಯ ವ್ಯವಹಾರದ ಬೆಲೆ. ನಿಮಗೆ ಸಿಗುವ ಬೆಲೆ ಅದಲ್ಲ. ಖರೀದಿಸುವವರಿಗೆ ಸಿಗುವುದು ಮಾರುವವನು ಕೇಳುತ್ತಿರುವ ಬೆಲೆ, ಮಾರುವವರಿಗೆ ಸಿಗುವುದು ಕೊಳ್ಳುವವನು ಕೊಡುತ್ತೇನೆ ಅಂದ ಬೆಲೆ. ಎಷ್ಟೋ ಸಿಮ್ಯುಲೇಟರ್‌ಗಳು ಕೊನೆಯ ಬೆಲೆಗೇ ಎಷ್ಟು ಬೇಕಾದರೂ ಕೊಟ್ಟುಬಿಡುತ್ತವೆ. 200 ಷೇರು ಕೇಳಿದರೂ ಅದೇ ಬೆಲೆ, 20,000 ಕೇಳಿದರೂ ಅದೇ ಬೆಲೆ. ನಿಜದಲ್ಲಿ 500.00ಕ್ಕೆ 60 ಷೇರು ಮಾತ್ರ ಇರಬಹುದು, 500.05ಕ್ಕೆ 40, ಉಳಿದ 100 ಷೇರಿಗೆ 500.15 ಕೊಡಬೇಕಾಗಬಹುದು. ಮಾರ್ಕೆಟ್ ಡೆಪ್ತ್ ಕಿಟಕಿ ತೆರೆದು ನೋಡಿ, ಐದು ಸಾಲಿನ ಆ ಪಟ್ಟಿಯಲ್ಲಿ ಇದು ಕಣ್ಣಿಗೇ ಕಾಣುತ್ತದೆ.

ಅದರಲ್ಲೂ ನಮ್ಮ ಉದಾಹರಣೆಯಂಥ ಬ್ರೇಕ್‌ಔಟ್ (ಗರಿಷ್ಠ ಬೆಲೆ ದಾಟಿದಾಗ ಕೊಳ್ಳುವ) ಪದ್ಧತಿಯಲ್ಲಿ ಸಮಸ್ಯೆ ಇನ್ನೂ ಜಾಸ್ತಿ, ಯಾಕೆಂದರೆ ನೀವು ಕೊಳ್ಳುವ ಕ್ಷಣದಲ್ಲೇ ಸಾವಿರಾರು ಜನ, ಜೊತೆಗೆ ಅವರಿಗಿಂತ ವೇಗದ ಕಂಪ್ಯೂಟರ್‌ಗಳು ಅದೇ ಬೆಲೆಯನ್ನು ನೋಡುತ್ತಾ ಕೂತಿರುತ್ತವೆ, ಎಲ್ಲರ ಆರ್ಡರೂ ಒಂದೇ ಸಲ ಬೀಳುತ್ತದೆ, ಮಾರುವವರು ಹಿಂದೆ ಸರಿಯುತ್ತಾರೆ. ಸ್ಟಾಪ್‌ಲಾಸ್ ಹೊಡೆದಾಗಲೂ ಇದೇ ಕಥೆ ಉಲ್ಟಾ. ಎಲ್ಲರೂ ಒಂದೇ ಬಾಗಿಲಿನಿಂದ ಹೊರಗೆ ಓಡುತ್ತಾರೆ.

ಹಾಗಾಗಿ ಮೊದಲ ನಿಯಮ: ಮಾರ್ಕೆಟ್ ಆರ್ಡರ್ (ಆ ಕ್ಷಣ ಸಿಕ್ಕ ಬೆಲೆಗೆ ನಡೆಯುವ ಆರ್ಡರ್) ಮತ್ತು ಸ್ಟಾಪ್‌ಲಾಸ್‌ಗೆ ಸಿಮ್ಯುಲೇಟರ್ ತೋರಿಸಿದ ಬೆಲೆ ಬರೆಯಬೇಡಿ. ಡೆಪ್ತ್ ನೋಡಿ ನಿಮ್ಮ ಪ್ರಮಾಣಕ್ಕೆ ನಿಜವಾಗಿ ಎಷ್ಟು ಬೀಳುತ್ತಿತ್ತೋ ಅದನ್ನು ಬರೆಯಿರಿ. ನೋಡಲು ಆಗದಿದ್ದರೆ ಚೆನ್ನಾಗಿ ವಹಿವಾಟು ಇರುವ 500 ರೂಪಾಯಿಯ ಷೇರಿಗೆ ಎರಡೂ ಕಡೆ ತಲಾ 10 ಪೈಸೆ ಕಳೆಯಿರಿ, ಸಣ್ಣ ಷೇರುಗಳಿಗೆ ಇನ್ನೂ ಜಾಸ್ತಿ. 200 ಷೇರಿಗೆ 20 ಮತ್ತು 20, ಒಟ್ಟು 40 ರೂಪಾಯಿ. ಹೀಗೆ ಬೆಲೆ ಜಾರುವುದಕ್ಕೇ ಸ್ಲಿಪೇಜ್ ಅನ್ನುವುದು. ನಮ್ಮ 50ರಲ್ಲಿ 40 ಇಲ್ಲಿಗೇ ಹೋಯಿತು.

ಎರಡನೆಯದು ಲಿಮಿಟ್ ಆರ್ಡರ್, ಅಂದರೆ ನೀವು ಹೇಳಿದ ಬೆಲೆ ಅಥವಾ ಅದಕ್ಕಿಂತ ಒಳ್ಳೆಯ ಬೆಲೆ ಸಿಕ್ಕರೆ ಮಾತ್ರ ನಡೆಯುವುದು. "ನಾನು ಮಾರ್ಕೆಟ್ ಆರ್ಡರ್ ಹಾಕುವುದೇ ಇಲ್ಲ, ಲಿಮಿಟ್ ಮಾತ್ರ, ನನಗೆ ಸ್ಲಿಪೇಜ್ ಇಲ್ಲ" ಅನ್ನುವವರು ಇದ್ದಾರೆ. ಇದು ಇನ್ನೂ ದೊಡ್ಡ ಮೋಸ, ಯಾಕೆಂದರೆ ಕಣ್ಣಿಗೆ ಕಾಣುವುದಿಲ್ಲ. ಎಕ್ಸ್‌ಚೇಂಜ್‌ನಲ್ಲಿ ಒಂದೇ ಬೆಲೆಗೆ ಬಂದ ಆರ್ಡರ್‌ಗಳಲ್ಲಿ ಮೊದಲು ಬಂದವರಿಗೆ ಮೊದಲ ಆದ್ಯತೆ. ದರ್ಶಿನಿ ಕೌಂಟರ್ ಮುಂದಿನ ಸಾಲಿನ ಹಾಗೆ, ಕೊನೆಯಲ್ಲಿ ನಿಂತವರ ಸರದಿ ಬರುವಷ್ಟರಲ್ಲಿ ಇಡ್ಲಿ ಖಾಲಿಯಾಗಿರಬಹುದು. ನೀವು 498ಕ್ಕೆ ಖರೀದಿ ಆರ್ಡರ್ ಹಾಕಿದ್ದೀರಿ, ನಿಮ್ಮ ಮುಂದೆ 8,000 ಷೇರಿನ ಆರ್ಡರ್‌ಗಳು ಇವೆ. ಬೆಲೆ 498 ಮುಟ್ಟಿತು, 3,000 ಷೇರು ಕೈ ಬದಲಾಯಿತು, ಬೆಲೆ ವಾಪಸ್ 501ಕ್ಕೆ ಹಾರಿತು. ಸಿಮ್ಯುಲೇಟರ್ ಹೇಳುತ್ತದೆ: ಫಿಲ್ ಆಯಿತು, 600 ರೂಪಾಯಿ ಲಾಭ. ನಿಜದಲ್ಲಿ ನಿಮಗೆ ಒಂದು ಷೇರೂ ಸಿಗಲಿಲ್ಲ.

ಈಗ ಇದರ ಉಲ್ಟಾ ನೋಡಿ. ಬೆಲೆ 498 ಮುಟ್ಟಿ ಸೀದಾ 495ಕ್ಕೆ ಬಿತ್ತು ಅಂದುಕೊಳ್ಳಿ. ಆಗ ನಿಮ್ಮ ಆರ್ಡರ್ ಖಂಡಿತಾ ಫಿಲ್ ಆಗುತ್ತದೆ, ಸ್ಟಾಪ್‌ಲಾಸ್ ಕೂಡ ಹೊಡೆಯುತ್ತದೆ. ಅಂದರೆ ಲೈವ್‌ನಲ್ಲಿ ಸೋಲುವ ಟ್ರೇಡ್‌ಗಳು ಅಷ್ಟೂ ಸಿಗುತ್ತವೆ, ಗೆಲ್ಲುವ ಟ್ರೇಡ್‌ಗಳಲ್ಲಿ ಒಂದಷ್ಟು ತಪ್ಪಿಹೋಗುತ್ತವೆ. ಪೇಪರ್‌ನ 45 ಗೆಲುವು ಲೈವ್‌ನಲ್ಲಿ 38ಕ್ಕೆ ಇಳಿದರೆ ಯಾರ ಮನಸ್ಸನ್ನೂ ದೂರುವ ಹಾಗಿಲ್ಲ. ಸಾಲಿನಲ್ಲಿ ನೀವು ಹಿಂದೆ ಇದ್ದಿರಿ, ಅಷ್ಟೇ. ಇದಕ್ಕೆ ನಿಯಮ: ಬೆಲೆ ನಿಮ್ಮ ಲಿಮಿಟ್ ಮುಟ್ಟಿದರೆ ಸಾಲದು, ಕನಿಷ್ಠ ಒಂದು ಟಿಕ್ (ಬೆಲೆ ಬದಲಾಗುವ ಅತಿ ಚಿಕ್ಕ ಅಳತೆ) ದಾಟಿ ಹೋಗಿದ್ದರೆ ಮಾತ್ರ ಫಿಲ್ ಅಂತ ಬರೆಯಿರಿ. ಟಾರ್ಗೆಟ್‌ಗೂ ಇದೇ ನಿಯಮ. ಈ ಒಂದು ಬದಲಾವಣೆ ಮಾಡಿದರೆ ಸಾಕು, ಅರ್ಧಕ್ಕರ್ಧ "ಸೂಪರ್ ಸ್ಟ್ರಾಟಜಿ"ಗಳು ಬಣ್ಣ ಕಳೆದುಕೊಳ್ಳುತ್ತವೆ ಅನ್ನುವುದು ನನ್ನ ಅನಿಸಿಕೆ.

ಆಪ್ಷನ್ ಟ್ರೇಡರ್‌ಗಳಿಗೆ ಇಲ್ಲಿ ಇನ್ನೊಂದು ತೊಡಕು. 2021ರ ಆಗಸ್ಟ್ 20ರಂದು ನಿಫ್ಟಿ ಸೂಚ್ಯಂಕದ ಒಂದು ಕಾಲ್ ಆಪ್ಷನ್ (ಕೊಳ್ಳುವ ಹಕ್ಕು) ಬೆಲೆ ಕ್ಷಣಮಾತ್ರದಲ್ಲಿ ಹಲವು ಪಟ್ಟು ಮೇಲೆ ಹಾರಿ ವಾಪಸ್ ಬಂತು, ಅನೇಕರ ಸ್ಟಾಪ್‌ಲಾಸ್‌ಗಳು ಹುಚ್ಚು ಬೆಲೆಗೆ ಹೊಡೆದವು. ಆಮೇಲೆ ಎನ್‌ಎಸ್‌ಇ ಅದೇ ವರ್ಷದ ಸೆಪ್ಟೆಂಬರ್ 27ರಿಂದ ಆಪ್ಷನ್‌ಗಳಲ್ಲಿ ಸ್ಟಾಪ್‌ಲಾಸ್ ಮಾರ್ಕೆಟ್ ಆರ್ಡರ್ ನಿಲ್ಲಿಸಿತು. ಈಗ ಅಲ್ಲಿ ಸ್ಟಾಪ್‌ಲಾಸ್ ಲಿಮಿಟ್ ಮಾತ್ರ. ಬೆಲೆ ನಿಮ್ಮ ಲಿಮಿಟ್ ಹಾರಿ ಹೋದರೆ ಸ್ಟಾಪ್‌ಲಾಸ್ ಇದ್ದೂ ಇಲ್ಲದ ಹಾಗೆ. ನಿಮ್ಮ ಸಿಮ್ಯುಲೇಟರ್ ಆಪ್ಷನ್ ಸ್ಟಾಪ್‌ಲಾಸನ್ನು ಹೇಳಿದ ಬೆಲೆಗೇ ನೀಟಾಗಿ ಮುಚ್ಚುತ್ತಿದ್ದರೆ ಅದು ಇಲ್ಲದ ಸೌಲಭ್ಯವನ್ನು ಕೊಡುತ್ತಿದೆ ಅಂತ ಅರ್ಥ.

ಹಂತ 4: ಪ್ರತಿ ಟ್ರೇಡ್‌ನ ಖರ್ಚು ಪೈಸೆ ಬಿಡದೆ ಹಾಕಿ

1 ಲಕ್ಷಕ್ಕೆ ಖರೀದಿ, ಸುಮಾರು 1 ಲಕ್ಷಕ್ಕೆ ಮಾರಾಟ, ಷೇರು ಇಂಟ್ರಾಡೇ. ಬ್ರೋಕರೇಜ್ ಹೆಚ್ಚಿನ ಡಿಸ್ಕೌಂಟ್ ಬ್ರೋಕರ್‌ಗಳಲ್ಲಿ ಆರ್ಡರ್‌ಗೆ 20 ರೂಪಾಯಿ ಅಥವಾ ಶೇ 0.03, ಯಾವುದು ಕಡಿಮೆಯೋ ಅದು. ಇಲ್ಲಿ 20ರಂತೆ ಎರಡು ಸಲ, 40. ಎಸ್‌ಟಿಟಿ (ಷೇರು ವಹಿವಾಟಿನ ತೆರಿಗೆ) ಮಾರಾಟದ ಮೇಲೆ ಶೇ 0.025, ಅಂದರೆ 25. ಎಕ್ಸ್‌ಚೇಂಜ್ ಶುಲ್ಕ ಎರಡೂ ಕಡೆ ಸೇರಿ ಸುಮಾರು 6. ಸ್ಟಾಂಪ್ ಡ್ಯೂಟಿ ಖರೀದಿ ಮೇಲೆ ಶೇ 0.003, ಅಂದರೆ 3. ಸೆಬಿ ಶುಲ್ಕ ಕೆಲವು ಪೈಸೆ. ಬ್ರೋಕರೇಜ್ ಮತ್ತು ಶುಲ್ಕಗಳ ಮೇಲೆ ಶೇ 18 ಜಿಎಸ್‌ಟಿ, ಸುಮಾರು 8. ಒಟ್ಟು ಸುಮಾರು 82 ರೂಪಾಯಿ. ದರಗಳು ಆಗಾಗ ಬದಲಾಗುತ್ತವೆ, ಆಪ್ಷನ್‌ಗಳ ದರ ಬೇರೆಯೇ ಇದೆ. ನಿಮ್ಮ ಬ್ರೋಕರ್ ಕೊಡುವ ಕ್ಯಾಲ್ಕ್ಯುಲೇಟರ್‌ನಲ್ಲಿ ಇವತ್ತಿನ ಲೆಕ್ಕ ಹಾಕಿ ನೋಡಿ.

ಈಗ ಕೂಡಿಸಿ. ಪೇಪರ್ ಲಾಭ 50. ಸ್ಲಿಪೇಜ್ 40, ಖರ್ಚು 82. ಟ್ರೇಡ್‌ಗೆ 72 ರೂಪಾಯಿ ನಷ್ಟ. 100 ಟ್ರೇಡ್‌ನಲ್ಲಿ ಪೇಪರ್ 5,000 ಲಾಭ ತೋರಿಸುತ್ತಿದ್ದರೆ ನಿಜವಾದ ಅಕೌಂಟಿನಲ್ಲಿ 7,200 ಹೋಗಿರುತ್ತದೆ. ಇದರಲ್ಲಿ ಭಯ ಎಲ್ಲಿದೆ, ಆಸೆ ಎಲ್ಲಿದೆ? ನೀವು ಯಂತ್ರದ ಹಾಗೆ ಶಿಸ್ತಿನಿಂದ ಟ್ರೇಡ್ ಮಾಡಿದ್ದರೂ ಇದೇ ಫಲಿತಾಂಶ. ಇನ್ನೊಂದು ಥರ ನೋಡಿ: ಪೇಪರ್ ಲೆಕ್ಕದಲ್ಲಿ ಅಸಲು ಉಳಿಯಲು 100ಕ್ಕೆ 40 ಗೆಲುವು ಸಾಕಿತ್ತು, ಲೈವ್‌ನಲ್ಲಿ 52 ದಾಟಬೇಕು.

ಬ್ರೋಕರ್ ಐದು ಪಟ್ಟು ಲಿವರೇಜ್ (ನಿಮ್ಮ ದುಡ್ಡಿಗಿಂತ ದೊಡ್ಡ ಟ್ರೇಡ್‌ಗೆ ಅವಕಾಶ) ಕೊಡುವುದರಿಂದ ಈ 1 ಲಕ್ಷದ ಟ್ರೇಡ್‌ಗೆ 20,000 ಬಂಡವಾಳ ಸಾಕಾಗುತ್ತದೆ. ದಿನಕ್ಕೆ ನಾಲ್ಕು ಟ್ರೇಡ್, ತಿಂಗಳಿಗೆ 80 ಟ್ರೇಡ್ ಅಂದರೆ ಖರ್ಚು ಒಂದೇ 6,560. ಬಂಡವಾಳದ ಮೂರನೇ ಒಂದು ಭಾಗ, ಪ್ರತಿ ತಿಂಗಳು. 2024ರ ಜುಲೈನಲ್ಲಿ ಸೆಬಿ ಹೊರತಂದ ಅಧ್ಯಯನದಲ್ಲಿ 2022-23ರಲ್ಲಿ ಷೇರು ಇಂಟ್ರಾಡೇ ಮಾಡಿದ ವೈಯಕ್ತಿಕ ಟ್ರೇಡರ್‌ಗಳಲ್ಲಿ ಹತ್ತಕ್ಕೆ ಏಳು ಮಂದಿಗೆ ನಷ್ಟ ಅಂತ ಬಂತು. ನಷ್ಟವಾದವರು ಆ ನಷ್ಟದ ಶೇ 57ರಷ್ಟು ಮೊತ್ತವನ್ನು ಅದರ ಮೇಲೆ ಖರ್ಚಿಗೆ ಅಂತ ಕಟ್ಟಿದ್ದರು. ವರ್ಷಕ್ಕೆ 500ಕ್ಕಿಂತ ಜಾಸ್ತಿ ಟ್ರೇಡ್ ಮಾಡಿದವರಲ್ಲಿ ನಷ್ಟದವರು ಶೇ 80. ಮೇಲಿನ ಲೆಕ್ಕ ನೋಡಿದ ಮೇಲೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ.

ಹಾಗಾದರೆ ಪದ್ಧತಿಯನ್ನು ಎಸೆದುಬಿಡಬೇಕಾ? ಮೊದಲು ಇದನ್ನು ಮಾಡಿ ನೋಡಿ. ಷೇರಿನ ಸಂಖ್ಯೆ 200ರಿಂದ 50ಕ್ಕೆ ಇಳಿಸಿ, ಸ್ಟಾಪ್‌ಲಾಸ್ 8 ರೂಪಾಯಿ, ಟಾರ್ಗೆಟ್ 12 ರೂಪಾಯಿ ಮಾಡಿ. ಸೋತರೆ ಹೋಗುವುದು ಅದೇ 400, ಗೆದ್ದರೆ ಬರುವುದು ಅದೇ 600. ಆದರೆ ವಹಿವಾಟು 25,000ಕ್ಕೆ ಇಳಿದಿದ್ದರಿಂದ ಖರ್ಚು ಸುಮಾರು 27, ಸ್ಲಿಪೇಜ್ 10. ಗೆಲುವು 45ರಲ್ಲೇ ಉಳಿದರೆ ಟ್ರೇಡ್‌ಗೆ 13 ರೂಪಾಯಿ ಕೈಗೆ ಸಿಗುತ್ತದೆ. ಉಳಿಯುತ್ತದೆ ಅನ್ನುವ ಗ್ಯಾರಂಟಿ ಇಲ್ಲ, 500ರ ಷೇರು ಒಂದೇ ದಿನದಲ್ಲಿ ನಿಮ್ಮ ಕಡೆಗೆ 12 ರೂಪಾಯಿ ಚಲಿಸುವ ದಿನಗಳು ಕಡಿಮೆ, ಅದನ್ನು ಬೇರೆಯಾಗಿ ಪರೀಕ್ಷಿಸಬೇಕು. ಆದರೆ ಒಂದು ವಿಷಯ ಸ್ಪಷ್ಟ: ಸ್ಟಾಪ್‌ಲಾಸ್ ಎಷ್ಟು ಚಿಕ್ಕದೋ ಪೇಪರ್‌ಗೂ ಲೈವ್‌ಗೂ ಅಂತರ ಅಷ್ಟು ದೊಡ್ಡದು. ಎರಡು ಮೂರು ರೂಪಾಯಿಯ ಚಿಕ್ಕ ಲಾಭಕ್ಕೆ ಮಾಡುವ ಸ್ಕ್ಯಾಲ್ಪಿಂಗ್‌ನ ಪೇಪರ್ ಫಲಿತಾಂಶವನ್ನು ನಾನಂತೂ ನೋಡುವುದೇ ಇಲ್ಲ.

ಹಂತ 5: ಸಿಮ್ಯುಲೇಟರ್‌ನಲ್ಲಿ ನಡೆಯದ ಘಟನೆಗಳನ್ನು ಪಟ್ಟಿ ಮಾಡಿ

2021ರ ಫೆಬ್ರವರಿ 24ರಂದು ಬೆಳಗ್ಗೆ 11:40ಕ್ಕೆ ಎನ್‌ಎಸ್‌ಇಯಲ್ಲಿ ಟ್ರೇಡಿಂಗ್ ನಿಂತಿತು, ಮತ್ತೆ ಶುರುವಾದದ್ದು ಮಧ್ಯಾಹ್ನ 3:45ಕ್ಕೆ. ಮಧ್ಯದಲ್ಲಿ ಪೊಸಿಷನ್ (ಇನ್ನೂ ಮುಚ್ಚದ ಟ್ರೇಡ್) ಹಿಡಿದು ಕೂತವರ ಪಾಡು ಯೋಚಿಸಿ. 2024ರ ಜೂನ್ 4ರಂದು, ಲೋಕಸಭಾ ಚುನಾವಣೆ ಫಲಿತಾಂಶದ ದಿನ, ನಿಫ್ಟಿ ಸುಮಾರು ಶೇ 6 ಬಿತ್ತು. ಅಂಥ ದಿನ ಬೆಲೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದಿಲ್ಲ, ಹಾರಿ ಹಾರಿ ಇಳಿಯುತ್ತದೆ.

ಸರ್ಕ್ಯೂಟ್ ಇನ್ನೊಂದು. ಎಫ್ ಅಂಡ್ ಓ (ಫ್ಯೂಚರ್ಸ್ ಮತ್ತು ಆಪ್ಷನ್ಸ್) ಪಟ್ಟಿಯಲ್ಲಿ ಇಲ್ಲದ ಷೇರುಗಳಿಗೆ ಒಂದು ದಿನದ ಏರಿಳಿತಕ್ಕೆ ಶೇ 5, 10, 20ರಂಥ ಬೆಲೆ ಮಿತಿ ಇರುತ್ತದೆ. ಅಂಥ ಷೇರನ್ನು ಬೆಳಗ್ಗೆ ಶಾರ್ಟ್ ಮಾಡಿ (ಕೈಯಲ್ಲಿ ಇಲ್ಲದ್ದನ್ನು ಮೊದಲು ಮಾರಿ), ಮಧ್ಯಾಹ್ನ ಅದು ಅಪ್ಪರ್ ಸರ್ಕ್ಯೂಟ್ (ಮೇಲಿನ ಮಿತಿ) ಹೊಡೆದರೆ ಮಾರುವವರೇ ಇರುವುದಿಲ್ಲ. ನಿಮಗೆ ವಾಪಸ್ ಕೊಳ್ಳಲು ಆಗುವುದಿಲ್ಲ, ವಿಷಯ ಎಕ್ಸ್‌ಚೇಂಜ್ ನಿಮ್ಮ ಪರವಾಗಿ ಷೇರು ಕೊಳ್ಳುವ ಹರಾಜಿಗೆ ಹೋಗುತ್ತದೆ, ನಷ್ಟ ಎಷ್ಟು ಅಂತ ಗೊತ್ತಾಗುವುದು ಆಮೇಲೆ. ಪೇಪರ್‌ನಲ್ಲಿ ಮಾತ್ರ 3:20ಕ್ಕೆ ಸುಸೂತ್ರವಾಗಿ ಮುಚ್ಚಿರುತ್ತದೆ. ಆದ್ದರಿಂದ ದಿನದ ಕೊನೆಯಲ್ಲಿ ಸರ್ಕ್ಯೂಟ್‌ನಲ್ಲಿ ಸಿಕ್ಕ ಷೇರು ಇದ್ದರೆ ಪೇಪರ್ ಲಾಭವನ್ನು ಅಳಿಸಿ ಮರುದಿನದ ಬೆಲೆ ಹಾಕಿ.

ಜೊತೆಗೆ ಸಣ್ಣ ಪುಟ್ಟವು: ಬ್ರೋಕರ್ ಆ್ಯಪ್ ಹ್ಯಾಂಗ್, ವೈಫೈ ಕಡಿತ, ಕೆಲವು ಷೇರುಗಳಲ್ಲಿ ಇಂಟ್ರಾಡೇ ಅವಕಾಶವೇ ಇಲ್ಲದಿರುವುದು, ಸಮಯಕ್ಕೆ ಮುಚ್ಚದಿದ್ದರೆ ಬ್ರೋಕರ್ ತಾನೇ ಮುಚ್ಚಿ ಹಾಕುವ ಶುಲ್ಕ.

ಹಂತ 6: ಹಳೇ ಡೇಟಾದ ಬ್ಯಾಕ್‌ಟೆಸ್ಟ್ ಆದರೆ ಇವನ್ನೂ ನೋಡಿ

ಐದು ನಿಮಿಷದ ಬೆಲೆ ಏರಿಳಿತ ತೋರಿಸುವ ಒಂದೇ ಕ್ಯಾಂಡಲ್‌ನಲ್ಲಿ ಟಾರ್ಗೆಟ್ ಮತ್ತು ಸ್ಟಾಪ್‌ಲಾಸ್ ಎರಡೂ ಇದ್ದರೆ ಯಾವುದು ಮೊದಲು ಹೊಡೆಯಿತು ಅಂತ ಕ್ಯಾಂಡಲ್ ಹೇಳುವುದಿಲ್ಲ. ಸಾಫ್ಟ್‌ವೇರ್ ಊಹೆ ಮಾಡುತ್ತದೆ. ನೀವು ಊಹಿಸಬೇಡಿ, ಸೋಲು ಅಂತ ಬರೆಯಿರಿ.

ಕ್ಯಾಂಡಲ್ ಮುಗಿದ ಮೇಲೆ ಗೊತ್ತಾಗುವ ಬೆಲೆಯನ್ನು ಕ್ಯಾಂಡಲ್ ನಡೆಯುವಾಗಲೇ ಬಳಸಿಬಿಡುವುದು ಇನ್ನೊಂದು ಮಾಮೂಲಿ ಎಡವಟ್ಟು. ಸಿಗ್ನಲ್ ಬಂದ ಕ್ಯಾಂಡಲ್‌ನಲ್ಲಿ ಅಲ್ಲ, ಮುಂದಿನ ಕ್ಯಾಂಡಲ್ ಶುರುವಿನ ಬೆಲೆಗೆ ಎಂಟ್ರಿ ಹಾಕಿ.

ಆಮೇಲೆ, ನೀವು ಪರೀಕ್ಷಿಸುತ್ತಿರುವ ವಸ್ತು ಇವತ್ತೂ ಇದೆಯಾ ನೋಡಿ. ಬ್ಯಾಂಕ್ ನಿಫ್ಟಿ (ಬ್ಯಾಂಕ್ ಷೇರುಗಳ ಸೂಚ್ಯಂಕ) ಆಪ್ಷನ್‌ಗಳ ವಾರದ ಎಕ್ಸ್‌ಪೈರಿ (ಅವಧಿ ಮುಗಿಯುವ ದಿನ) ಮೇಲೆ ಕಟ್ಟಿದ ಪದ್ಧತಿಗಳು ಒಂದು ಕಾಲಕ್ಕೆ ಎಲ್ಲೆಲ್ಲೂ ಇದ್ದವು. ಸೆಬಿಯ ಹೊಸ ನಿಯಮದಿಂದ 2024ರ ನವೆಂಬರ್‌ನಲ್ಲಿ ಆ ವಾರದ ಎಕ್ಸ್‌ಪೈರಿಯೇ ನಿಂತುಹೋಯಿತು. 2025ರ ಸೆಪ್ಟೆಂಬರ್‌ನಿಂದ ನಿಫ್ಟಿ ಎಕ್ಸ್‌ಪೈರಿ ಗುರುವಾರದಿಂದ ಮಂಗಳವಾರಕ್ಕೆ ಬಂತು. ಹಳೇ ಗುರುವಾರಗಳ ಮೇಲೆ ಮಾಡಿದ ಬ್ಯಾಕ್‌ಟೆಸ್ಟನ್ನು ಸುಮ್ನೆ ಹಾಗೇ ಮಂಗಳವಾರಕ್ಕೆ ಅಂಟಿಸಲು ಬರುವುದಿಲ್ಲ.

ಹಂತ 7: ಎಷ್ಟು ಟ್ರೇಡ್ ಆದ ಮೇಲೆ ಮಾತಾಡಬಹುದು?

ಏನೂ ಗೊತ್ತಿಲ್ಲದೆ ನಾಣ್ಯ ಚಿಮ್ಮಿ ಟ್ರೇಡ್ ಮಾಡುವ ಒಬ್ಬರು ಇದ್ದಾರೆ ಅಂದುಕೊಳ್ಳಿ, ಗೆಲುವು ಸೋಲು ಅರ್ಧ ಅರ್ಧ. 40 ಟ್ರೇಡ್ ಮಾಡಿದರೆ ಅವರು 24 ಅಥವಾ ಅದಕ್ಕಿಂತ ಜಾಸ್ತಿ ಗೆಲ್ಲುವ ಸಾಧ್ಯತೆ ಶೇ 13ರ ಆಸುಪಾಸು. ಅಂದರೆ ಇಂಥ ಸಾವಿರ ಜನರಲ್ಲಿ 130 ಮಂದಿ ಬರೀ ಅದೃಷ್ಟದಿಂದ "ನನ್ನದು 60 ಪರ್ಸೆಂಟ್ ವಿನ್ ರೇಟ್" ಅಂತ ಟೆಲಿಗ್ರಾಂನಲ್ಲಿ ಸ್ಕ್ರೀನ್‌ಶಾಟ್ ಹಾಕಬಹುದು. ಉಳಿದ 870 ಮಂದಿ ಹಾಕುವುದಿಲ್ಲ. ಅದೇ 200 ಟ್ರೇಡ್‌ನಲ್ಲಿ 120 ಗೆಲ್ಲುವ ಸಾಧ್ಯತೆ ಸಾವಿರಕ್ಕೆ ಮೂರು. ಹಾಗಾಗಿ ಕನಿಷ್ಠ 200 ಟ್ರೇಡ್ ಆಗುವವರೆಗೆ ಯಾವ ತೀರ್ಮಾನವೂ ಬೇಡ. ಮತ್ತೆ ಆ 200 ಒಂದೇ ಬಗೆಯ ಮಾರುಕಟ್ಟೆಯಲ್ಲಿ ಆಗಿರಬಾರದು. ಏರುವ ತಿಂಗಳು, ಬೀಳುವ ತಿಂಗಳು, ಎತ್ತಲೂ ಹೋಗದ ಬೋರಿನ ವಾರಗಳು, ಆರ್‌ಬಿಐ ಪಾಲಿಸಿ ದಿನ, ಎಲ್ಲಾ ಬರಲಿ.

ಸತತ ಸೋಲಿಗೂ ಈಗಲೇ ತಯಾರಾಗಿ. ಅರ್ಧ ಗೆಲ್ಲುವ ಪದ್ಧತಿಯಲ್ಲೂ 100 ಟ್ರೇಡ್ ಒಳಗೆ ಎಲ್ಲೋ ಒಂದು ಕಡೆ ಸಾಲಾಗಿ ಆರು ಸೋಲು ಬರುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ. ಪೇಪರ್ ಶೀಟಿನಲ್ಲಿ ಅದು ಆರು ಕೆಂಪು ಸಾಲು. ಲೈವ್‌ನಲ್ಲಿ ಅದು ಒಂದು ವಾರದ ನಿದ್ದೆಗೇಡು.

ಹಂತ 8: ಒಂದೇ ಒಂದು ಷೇರಿನಿಂದ ಲೈವ್ ಶುರು ಮಾಡಿ

ಹಂತ 3 ಮತ್ತು 4ರ ಕಡಿತ ಎಲ್ಲಾ ಹಾಕಿದ ಮೇಲೂ ಲಾಭ ಉಳಿದಿದ್ದರೆ ಮಾತ್ರ ಇಲ್ಲಿಗೆ ಬನ್ನಿ. ಷೇರುಗಳಲ್ಲಿ ಒಂದು ಅನುಕೂಲ ಇದೆ, ಒಂದು ಷೇರೂ ಕೊಳ್ಳಬಹುದು. ಇಂಡೆಕ್ಸ್ ಆಪ್ಷನ್‌ನಲ್ಲಿ ಈ ಸೌಕರ್ಯ ಇಲ್ಲ, ಕಾಂಟ್ರ್ಯಾಕ್ಟಿನ ಕನಿಷ್ಠ ಗಾತ್ರವನ್ನೇ 15 ಲಕ್ಷಕ್ಕೆ ಏರಿಸಿದ್ದಾರೆ. ಅದಕ್ಕೇ ಹೊಸಬರು ಷೇರಿನಲ್ಲೇ ಕಲಿಯಲಿ ಅನ್ನುತ್ತೇನೆ. ದುಬೈಯಲ್ಲೋ ಅಮೆರಿಕದಲ್ಲೋ ಇರುವ ಕನ್ನಡಿಗರು ಗಮನಿಸಿ: ಎನ್‌ಆರ್‌ಐಗಳಿಗೆ ಭಾರತದ ಷೇರುಗಳಲ್ಲಿ ಇಂಟ್ರಾಡೇ ಅವಕಾಶ ಇಲ್ಲ, ಡೆಲಿವರಿ (ಕೊಂಡು ಖಾತೆಯಲ್ಲಿ ಇಟ್ಟುಕೊಳ್ಳುವುದು) ಮಾತ್ರ.

ಒಂದು ಷೇರಿನ ಲೈವ್ ಟ್ರೇಡ್ ಹಾಕುವಾಗಲೇ ಅದೇ ಟ್ರೇಡನ್ನು ಸಿಮ್ಯುಲೇಟರ್‌ನಲ್ಲೂ ಹಾಕಿ. ಎರಡೂ ಜೊತೆಜೊತೆಯಾಗಿ ನಡೆಯಬೇಕು. ಒಂದು ಷೇರಿಗೆ ಕನಿಷ್ಠ ಬ್ರೋಕರೇಜ್ ಇರುವ ಕಡೆ ಖರ್ಚು ಲಾಭವನ್ನು ನುಂಗುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಇಲ್ಲಿ ನೋಡುತ್ತಿರುವುದು ದುಡ್ಡನ್ನಲ್ಲ, ಬೆಲೆಯ ವ್ಯತ್ಯಾಸವನ್ನು.

ಹಂತ 9: ಅಂತರವನ್ನು ಮೂರಾಗಿ ಒಡೆಯಿರಿ

ಶೀಟಿನಲ್ಲಿ ಪ್ರತಿ ಟ್ರೇಡ್‌ಗೂ ಪೇಪರ್ ಎಂಟ್ರಿ, ಲೈವ್ ಎಂಟ್ರಿ, ಪೇಪರ್ ಎಕ್ಸಿಟ್, ಲೈವ್ ಎಕ್ಸಿಟ್, ಖರ್ಚು, ಮತ್ತು "ನಿಯಮ ಪಾಲಿಸಿದೆನಾ: ಹೌದು/ಇಲ್ಲ" ಅನ್ನುವ ಕಾಲಂ ಇರಲಿ. ಖರ್ಚಿನ ಅಂಕಿಯನ್ನು ಆ್ಯಪ್‌ನಲ್ಲಿ ಕಾಣುವ ಪಿ ಅಂಡ್ ಎಲ್‌ನಿಂದ (ಲಾಭ ನಷ್ಟದ ಅಂಕಿಯಿಂದ) ತೆಗೆಯಬೇಡಿ, ಸಂಜೆ ಬ್ರೋಕರ್‌ನಿಂದ ಇಮೇಲ್‌ಗೆ ಬರುವ ಲೆಕ್ಕದ ಪತ್ರ, ಅಂದರೆ ಕಾಂಟ್ರ್ಯಾಕ್ಟ್ ನೋಟ್‌ನಿಂದ ತೆಗೆಯಿರಿ. ಆ್ಯಪ್‌ನ ಹಸಿರು ಅಂಕಿಯಲ್ಲಿ ಸಾಮಾನ್ಯವಾಗಿ ಶುಲ್ಕಗಳು ಕಳೆದಿರುವುದಿಲ್ಲ.

ಐವತ್ತು ಟ್ರೇಡ್ ಆದ ಮೇಲೆ ವ್ಯತ್ಯಾಸವನ್ನು ಬೇರೆ ಬೇರೆ ಮಾಡಿ. ಫಿಲ್‌ನಿಂದ ಎಷ್ಟು ಹೋಯಿತು, ಖರ್ಚಿನಿಂದ ಎಷ್ಟು, ನಿಯಮ ಮುರಿದದ್ದರಿಂದ ಎಷ್ಟು. ಇಲ್ಲಿಗೆ ಬಂದ ಮೇಲೆಯೇ ಸೈಕಾಲಜಿಯ ಮಾತು ಆಡಬಹುದು, ಯಾಕೆಂದರೆ ಈಗ ಅದಕ್ಕೂ ಒಂದು ಅಂಕಿ ಇದೆ. ಎಲ್ಲರೂ ಮಾಡುವ ತಪ್ಪು ಗೊತ್ತೇ ಇದೆ: ಲಾಭ ಕಂಡ ಕೂಡಲೇ ಓಡಿಹೋಗುವುದು. ನಮ್ಮ ಉದಾಹರಣೆಯಲ್ಲಿ ಗೆಲುವನ್ನು 600ರ ಬದಲು 300ಕ್ಕೇ ಮುಚ್ಚಿದರೆ 45 ಗೆಲುವಿಗೆ 13,500, 55 ಸೋಲಿಗೆ 22,000. ಖರ್ಚು ಹಾಕುವ ಮುಂಚೆಯೇ 8,500 ನಷ್ಟ. ನಿಯಮ ಮುರಿದ ಸಾಲುಗಳನ್ನು ಫಿಲ್ಟರ್ ಮಾಡಿ ನೋಡಿ. ಅವನ್ನು ತೆಗೆದರೆ ಶೀಟ್ ಲಾಭಕ್ಕೆ ತಿರುಗುತ್ತದೆಯಾ? ಹಾಗಿದ್ದರೆ ಸಮಸ್ಯೆ ನಿಮ್ಮದು: ದಿನದ ನಷ್ಟಕ್ಕೆ ಮಿತಿ ಹಾಕಿ, ಬ್ರೋಕರ್ ಕೊಟ್ಟಿರುವ ಕಿಲ್ ಸ್ವಿಚ್ (ಟ್ರೇಡ್ ಮಾಡದಂತೆ ತಡೆಯುವ ಬಟನ್) ಬಳಸಿ, ಟಾರ್ಗೆಟ್ ಮತ್ತು ಸ್ಟಾಪ್‌ಲಾಸ್ ಮೊದಲೇ ಹಾಕಿ ಸ್ಕ್ರೀನ್ ಬಿಟ್ಟು ಏಳಿ. ತಿರುಗದಿದ್ದರೆ ಪದ್ಧತಿಯೇ ಸರಿ ಇಲ್ಲ, ಎಷ್ಟು ಧ್ಯಾನ ಮಾಡಿದರೂ ಉಪಯೋಗ ಇಲ್ಲ.

ಹಂತ 10: ನಿಧಾನವಾಗಿ ಏರಿಸಿ, ಅಂತರ ಅಗಲವಾದರೆ ವಾಪಸ್ ಬನ್ನಿ

ಒಂದು ಷೇರಿನ ಫಿಲ್ ಯಾವಾಗಲೂ ಚೆನ್ನಾಗಿರುತ್ತದೆ, ಅದನ್ನು ನೋಡಿ ಮರುಳಾಗಬೇಡಿ. 10, ಆಮೇಲೆ 25, ಆಮೇಲೆ 50. ಪ್ರತಿ ಮೆಟ್ಟಿಲಲ್ಲೂ ಇನ್ನೊಂದು ಐವತ್ತು ಟ್ರೇಡ್. ಪ್ರತಿ ಷೇರಿಗೆ ಎಷ್ಟು ಪೈಸೆ ಸ್ಲಿಪೇಜ್ ಅನ್ನುವ ಅಂಕಿ ಮೆಟ್ಟಿಲು ಏರಿದ ಹಾಗೆ ಏರುತ್ತಿದ್ದರೆ ಆ ಷೇರಿನಲ್ಲಿ ನಿಮ್ಮ ಗಾತ್ರದ ಮಿತಿ ಅಲ್ಲಿಗೇ ಮುಗಿಯಿತು. ನಿಯಮ ಮುರಿಯುವ ಸಾಲುಗಳು ಜಾಸ್ತಿಯಾಗುತ್ತಿದ್ದರೆ ದುಡ್ಡಿನ ಗಾತ್ರ ನಿಮ್ಮ ಧೈರ್ಯ ಮೀರಿದೆ. ಎರಡರಲ್ಲಿ ಯಾವುದೇ ಆದರೂ ಒಂದು ಮೆಟ್ಟಿಲು ಕೆಳಗೆ ಬನ್ನಿ.

ಕೊನೆಗೆ ತೆರಿಗೆ, ಇದು ಯಾವ ಸಿಮ್ಯುಲೇಟರ್‌ನಲ್ಲೂ ಬರುವುದಿಲ್ಲ. ಷೇರು ಇಂಟ್ರಾಡೇ ಲಾಭವನ್ನು ಸ್ಪೆಕ್ಯುಲೇಟಿವ್ ವ್ಯಾಪಾರದ ಆದಾಯ ಅಂತ ಲೆಕ್ಕ ಹಾಕುತ್ತಾರೆ, ನಿಮ್ಮ ಸ್ಲ್ಯಾಬ್ ಪ್ರಕಾರ ತೆರಿಗೆ ಬೀಳುತ್ತದೆ. ಶೇ 30ರ ಸ್ಲ್ಯಾಬ್‌ನಲ್ಲಿರುವ ಐಟಿ ಉದ್ಯೋಗಿ ಉಳಿದ 13 ರೂಪಾಯಿಯಲ್ಲೂ ಸುಮಾರು 4 ರೂಪಾಯಿ ಬಿಟ್ಟುಕೊಡಬೇಕು. ನಷ್ಟವಾದರೆ ಅದನ್ನು ಸಂಬಳದ ಎದುರು ಕಳೆಯಲು ಬರುವುದಿಲ್ಲ, ಇನ್ನೊಂದು ಸ್ಪೆಕ್ಯುಲೇಟಿವ್ ಲಾಭದ ಎದುರು ಮಾತ್ರ, ಅದೂ ನಾಲ್ಕು ವರ್ಷದ ತನಕ. ಆ ಸೌಲಭ್ಯ ಉಳಿಯಬೇಕಾದರೆ ನಷ್ಟವಾದ ವರ್ಷವೂ ಕೊನೆಯ ದಿನಾಂಕದ ಒಳಗೆ ರಿಟರ್ನ್ ಸಲ್ಲಿಸಿ. ಸಂಬಳದವರು ಮಾಮೂಲಾಗಿ ತುಂಬುವ ಐಟಿಆರ್-1 ಇದಕ್ಕೆ ನಡೆಯುವುದಿಲ್ಲ, ಐಟಿಆರ್-3 ಬೇಕು.